ಸ್ಕೋರು ಎಡಗಡೆ ಇತ್ತು

"ಕಣ್ಣು ಕಾಣಲ್ವೇನೋ ನಿಂಗೆ?"

ಇಪ್ಪತ್ತೆರಡು ವರ್ಷ ಶಿವಮೊಗ್ಗ–ಭದ್ರಾವತಿ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸಿದವನಿಗೆ ಈ ಪ್ರಶ್ನೆ ಹೊಸದಲ್ಲ. ಆಟೋದವರು ಕೇಳಿದ್ದಾರೆ, ಸ್ಕೂಟಿಯ ಹುಡುಗಿಯರು ಕೇಳಿದ್ದಾರೆ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಎಮ್ಮೆಯ ಪರವಾಗಿಯೂ ಕೇಳಿದ್ದ. ನಾನೂ ಅಷ್ಟೇ ಸಲ ಬೇರೆಯವರಿಗೆ ಕೇಳಿದ್ದೇನೆ. ರಸ್ತೆಯ ಮೇಲೆ ಅದೊಂದು ಹಾರ್ನಿನ ಸದ್ದು ಇದ್ದ ಹಾಗೆ, ಯಾರೂ ನಿಂತು ಉತ್ತರ ಕೊಡುವುದಿಲ್ಲ. ಹನ್ನೊಂದು ದಿನ ಮಾತ್ರ ಆ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇತ್ತು. ಅದು ನನಗೇ ಗೊತ್ತಿರಲಿಲ್ಲ. ಗೊತ್ತಾದದ್ದು ಫುಟ್‌ಬಾಲ್ ನೋಡುವಾಗ. ಅದೂ ನಮ್ಮ ಜಿಲ್ಲೆಯಲ್ಲಿ ಬಹುಶಃ ನಾವಿಬ್ಬರೇ ನೋಡುವ ಫುಟ್‌ಬಾಲ್.

ನಾವಿಬ್ಬರು ಅಂದರೆ ನಾನು ಮತ್ತು ದೊರೈ. ದೊರೈಯ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಭದ್ರಾವತಿಗೆ ಬಂದವರು. ಇವನು ಹುಟ್ಟಿ ಬೆಳೆದದ್ದು ಅಲ್ಲೇ, ಈಗ ಅಲ್ಲೇ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದಾನೆ. ಹುಡುಗರಾಗಿದ್ದಾಗ ಕಾರ್ಖಾನೆಯ ಮೈದಾನದಲ್ಲಿ ಅವನು ಆಡುತ್ತಿದ್ದ. ನನಗೆ ಆಟ ಬರುತ್ತಿರಲಿಲ್ಲ, ಹಾಗಾಗಿ ಕೈಗೊಂದು ಬಾವುಟ ಕೊಟ್ಟು ಲೈನ್‌ಮನ್ ಮಾಡಿದ್ದರು. ಮಂಜು ಬಾವುಟ ಎತ್ತಿದ ಅಂದರೆ ಆಫ್‌ಸೈಡೇ ಅಂತ ಎರಡು ಕಡೆಯವರೂ ಒಪ್ಪುತ್ತಿದ್ದರು. ನನ್ನ ಕಣ್ಣಿನ ಮೇಲೆ ನನಗಿದ್ದ ಜಂಬ ಆ ಕಾಲದಿಂದ ಬಂದದ್ದು.

ಲೋಕವೆಲ್ಲ ನೋಡುವ ದೊಡ್ಡ ಲೀಗುಗಳ ಆಟ ನಮ್ಮಲ್ಲಿ ಜನ ಮಲಗಿದ ಮೇಲೆ ಬರುತ್ತದೆ. ನಾನು ನಾಲ್ಕೂವರೆಗೆ ಎದ್ದು ಮೊದಲ ಟ್ರಿಪ್ಪಿಗೆ ಹೋಗಬೇಕಾದವನು, ಅದು ನನಗೆ ಆಗಿಬರುವ ಮಾತಲ್ಲ. ಎಸ್ಟೋನಿಯಾ, ಲಾಟ್ವಿಯಾ, ಫಿನ್‌ಲ್ಯಾಂಡ್, ಫಾರೋ ದ್ವೀಪ ಇವರ ಆಟಗಳು ಹಾಗಲ್ಲ. ಶನಿವಾರ, ಭಾನುವಾರ ನಮ್ಮ ಕಾಫಿ ಹೊತ್ತಿಗೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತವೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಶನಿವಾರ ಎರಡು ಗಂಟೆಗೆ ನನ್ನ ಡ್ಯೂಟಿ ಮುಗಿದರೆ ಸೀದಾ ದೊರೈ ಮನೆಗೆ. ಅವನು ಟೀವಿಗೆ ಮೊಬೈಲು ಜೋಡಿಸುವ ಹೊತ್ತಿಗೆ ನಾನು ಮೆಣಸಿನಕಾಯಿ ಬೋಂಡದ ಪೊಟ್ಟಣ ಬಿಚ್ಚಿರುತ್ತಿದ್ದೆ.

ಆ ತಂಡಗಳ ಹೆಸರು ಹೇಳಲು ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ನಾವೇ ಹೆಸರಿಟ್ಟೆವು. ನೀಲಿ ಅಂಗಿಯವರು ಸೀಮೆಎಣ್ಣೆ. ಹಸಿರಿನವರು ಬಸಳೆ. ಫಾರೋ ದ್ವೀಪದ ಒಂದು ತಂಡದ ಮೈದಾನ ಸಮುದ್ರಕ್ಕೆ ಅಂಟಿಕೊಂಡೇ ಇದೆ, ಜೋರಾಗಿ ಒದ್ದರೆ ಚೆಂಡು ನೀರಿಗೆ ಬೀಳುತ್ತದೆ, ಆಚೆ ಗುಡ್ಡದಲ್ಲಿ ಕುರಿಗಳು ಮೇಯುತ್ತವೆ. ಅದು ನಮ್ಮ ಮೀನೂರು. ಮೀನೂರಿನ ಲೆಫ್ಟ್ ಬ್ಯಾಕ್ ವಾರದ ದಿನಗಳಲ್ಲಿ ಬಸ್ಸು ಓಡಿಸುತ್ತಾನೆ ಅಂತ ಒಂದು ದಿನ ಕಾಮೆಂಟರಿಯವನು ಹೇಳಿದ. ದೊರೈ ಎದ್ದು ನಿಂತು ನನ್ನ ಬೆನ್ನಿಗೆ ಗುದ್ದಿದ್ದ. ಅವತ್ತಿನಿಂದ ಆ ಆಟಗಾರನ ಹೆಸರು ಡ್ರೈವರ್, ಮೀನೂರು ನಮ್ಮ ಸ್ವಂತ ಊರು.

ಇಂಥ ಲೀಗು ನೋಡುವವರಿಗೆ ಒಂದು ಗುಣ ತಾನಾಗಿ ಬಂದುಬಿಡುತ್ತದೆ, ಯಾವುದಕ್ಕೂ ದೂರು ಹೇಳದ ಗುಣ. ಒಂದೇ ಕ್ಯಾಮೆರಾ, ಅದನ್ನೂ ಯಾವುದೋ ಕಂಬಕ್ಕೆ ಕಟ್ಟಿರುತ್ತಾರೆ. ಮಂಜು ಮುಸುಕಿದರೆ ಅರ್ಧ ಮೈದಾನ ಕಾಣುವುದಿಲ್ಲ. ಒಂದು ಸಲ ಇಡೀ ಆಟದ ಉದ್ದಕ್ಕೂ ಬೇರೆ ಯಾವುದೋ ಆಟದ ಸ್ಕೋರು ತೋರಿಸಿದ್ದರು. ಪಾಪ, ಬಡ ಲೀಗು, ಇಷ್ಟಾದರೂ ತೋರಿಸುತ್ತಾರಲ್ಲ ಅಂತ ನಾವು ಸುಮ್ಮನಿರುತ್ತಿದ್ದೆವು. ಈ ತಾಳ್ಮೆ ನನ್ನ ತಲೆಗೇ ಬಂತು.

ಅದೊಂದು ಬುಧವಾರ. ಎರಡನೇ ಟ್ರಿಪ್ ಮುಗಿಸಿ ಭದ್ರಾವತಿ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆ. ತಲೆಯ ಹಿಂಬದಿ, ಬಲಗಡೆ, ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗಾಯಿತು. ಕಣ್ಣಿನ ಮುಂದೆ ದೊರೈ ಅಂಗಡಿಯ ವೆಲ್ಡಿಂಗ್ ಕಿಡಿಯಂಥದ್ದು ಎರಡು ಮೂರು ನಿಮಿಷ ಹಾರಿ ಹೋಯಿತು. ಬಿಸಿಲು ಅಂದುಕೊಂಡೆ. ತಲೆನೋವಿನ ಮಾತ್ರೆ ನುಂಗಿ ಗಾಡಿ ಹತ್ತಿದೆ. ಕಂಡಕ್ಟರ್ ರಫೀಕ್ "ರೈಟ್" ಅಂದ, ಹೊರಟೆ. ಕೈಕಾಲು ಸರಿ ಇತ್ತು, ಬಾಯಿ ಸರಿ ಇತ್ತು, ಗೇರು ಸರಿ ಬೀಳುತ್ತಿತ್ತು. ಏನಾದರೂ ಆಗಿದೆ ಅಂತ ಅಂದುಕೊಳ್ಳಲು ಕಾರಣವೇ ಇರಲಿಲ್ಲ.

ಆ ಶನಿವಾರ ದೊರೈ ಸೇಲಂಗೆ ನೆಂಟರ ಮನೆಗೆ ಹೋಗಿದ್ದ. ನಾನು ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆಯಲ್ಲೇ ಮೊಬೈಲಿನಲ್ಲಿ ಆಟ ನೋಡಿದೆ. ಬಸಳೆಯವರ ಆಟ. ಸ್ಕೋರೇ ಹಾಕಿರಲಿಲ್ಲ. ಭಾನುವಾರ ಮೀನೂರಿನ ಆಟ, ಅಲ್ಲೂ ಸ್ಕೋರಿಲ್ಲ. ಇದೇನು ಎಲ್ಲ ಸೇರಿ ಮಾತಾಡಿಕೊಂಡು ಬಿಟ್ಟರಾ ಅಂತ ರೇಗಿತು. ಆಟದ ಕೆಳಗೆ ನೋಡುವವರು ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ನನಗೆ ಬರುವ ಇಂಗ್ಲಿಷಿನಲ್ಲಿ ದಯವಿಟ್ಟು ಸ್ಕೋರ್ ಹಾಕಿ ಅಂತ ಬರೆದೆ. ಯಾರೋ ಒಬ್ಬ ದ್ವೀಪದವನು ಉತ್ತರ ಬರೆದ. ಎಡಗಡೆ ಮೇಲೆ ಇದೆ, ಗೆಳೆಯ. ಪಕ್ಕದಲ್ಲಿ ಒಂದು ನಗುವ ಮುಖ. ನನ್ನನ್ನು ಗೇಲಿ ಮಾಡುತ್ತಿದ್ದಾನೆ ಅಂತಲೇ ಭಾವಿಸಿದೆ. ಎಡಗಡೆ ಏನೂ ಇರಲಿಲ್ಲ. ಅಲ್ಲಿ ಕಪ್ಪು ಕತ್ತಲೆ ಇದ್ದಿದ್ದರೆ ಏನೋ ಆಗಿದೆ ಅಂತ ಅನ್ನಿಸುತ್ತಿತ್ತೇನೋ. ಕತ್ತಲೆಯೂ ಇರಲಿಲ್ಲ. ನನ್ನ ಪಾಲಿಗೆ ಮೊಬೈಲು ಅಲ್ಲಿಗೇ ಮುಗಿಯುತ್ತಿತ್ತು. ಸಿಟ್ಟು ಬಂದು ಆರಿಸಿದೆ.

ಈಗ ಹಿಂದಿರುಗಿ ನೋಡಿದರೆ ಆ ಹನ್ನೊಂದು ದಿನದ ತುಂಬ ಜನ ನನಗೆ ಹೇಳುತ್ತಲೇ ಇದ್ದರು. ಊಟಕ್ಕೆ ಕೂತರೆ ನಾನು ದಿನಾ ಉಪ್ಪಿನಕಾಯಿ ಕೇಳುತ್ತಿದ್ದೆ. ನಮ್ಮಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸುವುದು ಎಡಗಡೆಗೆ. "ಹಾಕಿದೀನಲ್ಲ ಮಾರಾಯ, ಎಷ್ಟು ಸಲ ಹಾಕ್ಲಿ" ಅಂತ ನನ್ನ ಹೆಂಡತಿ ಸರೋಜ ರೇಗುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಎಡಭುಜ ಎರಡು ಸಲ ಬಡಿಯಿತು. ಬಸ್ಸಿನ ಎಡಮೈಗೆ ಹೊಸ ಗೀರು ಬಿದ್ದಿವೆ ಅಂತ ಮಾಲೀಕರು ಕೇಳಿದಾಗ ಆಟೋದವರಿಗೆ ಬೈದು ಕೈ ತೊಳೆದುಕೊಂಡೆ. ಮಲವಗೊಪ್ಪದಲ್ಲಿ ಗಾಡಿ ನಿಲ್ಲಿಸುತ್ತಿಲ್ಲ ಅಂತ ಪ್ರಯಾಣಿಕರು ದೂರಿದ್ದರು. ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಯಾರಿಗೆ ನಿಲ್ಲಿಸಬೇಕು ಅಂತ ನಾನೇ ಜೋರು ಮಾಡಿದೆ.

ರಫೀಕ್ ವಿಚಿತ್ರವಾಗಿ ಆಡುತ್ತಿದ್ದ. ಸೀಟಿನ ಮೇಲೆ ಕೂತು ಟಿಕೆಟ್ ಹರಿಯುತ್ತಿದ್ದವನು ಈಗ ಮುಂದಿನ ಬಾಗಿಲಿನ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಮಾತೆತ್ತಿದರೆ ಸೀಟಿ ಊದುತ್ತಿದ್ದ. ಎಲೆ ಅಡಿಕೆ ಕೊಡುವ ನೆಪದಲ್ಲಿ ಮುಖದ ಹತ್ತಿರ ಬಂದು ಬಗ್ಗುತ್ತಿದ್ದ. ನಿನಗೆ ಏನಾಗಿದೆ ಮಾರಾಯ ಅಂತ ನಾನೇ ಅವನಿಗೆ ಕೇಳಿದೆ.

ಎರಡನೇ ಶನಿವಾರ ದೊರೈ ಊರಿಗೆ ಬಂದಿದ್ದ. ಡ್ಯೂಟಿ ಮುಗಿಸಿ ಅವನ ಮನೆಗೆ ಹೋದೆ. ಮೀನೂರಿಗೂ ಸೀಮೆಎಣ್ಣೆಗೂ ಆಟ. ಬೋಂಡ ಬಿಚ್ಚಿದೆ. ಹತ್ತು ನಿಮಿಷ ಆಗಿರಬೇಕು, ಡ್ರೈವರ್ ಎಲ್ಲೋ, ಇವತ್ತು ಅವನನ್ನು ಆಡಿಸಲಿಲ್ಲವಾ ಅಂತ ಕೇಳಿದೆ. ದೊರೈ ನಕ್ಕ. ಈಗ ತಾನೆ ಥ್ರೋ ಹಾಕಿದನಲ್ಲ, ನಿದ್ದೆ ಮಾಡುತ್ತಿದ್ದೀಯಾ ಅಂದ. ನಾನು ಒಪ್ಪಲಿಲ್ಲ. ಈ ಕ್ಯಾಮೆರಾದವರು ಹೋದ ವಾರದಿಂದ ಅರ್ಧ ಮೈದಾನ ತೋರಿಸುತ್ತಿಲ್ಲ, ಸ್ಕೋರೂ ಹಾಕುತ್ತಿಲ್ಲ, ಇವರ ಲೀಗು ಪೂರಾ ಕೆಟ್ಟುಹೋಯಿತು ಅಂತ ನನ್ನ ಪಾಡಿಗೆ ಬೈಯುತ್ತಾ ಹೋದೆ.

ದೊರೈ ಬೋಂಡ ಕೆಳಗಿಟ್ಟ. "ಸ್ಕೋರ್ ಹಾಕಿದಾರಲ್ಲ ಮಂಜು."

"ಎಲ್ಲಿ?"

"ಅಲ್ಲೇ. ಮೇಲೆ. ಎಡಗಡೆ."

ಅದೇ ಮಾತು. ದ್ವೀಪದವನು ಬರೆದ ಅದೇ ಮಾತು. ದೊರೈ ಎದ್ದು ಟೀವಿಯ ಹತ್ತಿರ ಹೋಗಿ ಕೈ ಚಾಚಿದ. ಅವನ ಭುಜ ಕಂಡಿತು, ಮೊಣಕೈ ಕಂಡಿತು, ಅಲ್ಲಿಂದ ಮುಂದೆ ಕೈ ಇರಲಿಲ್ಲ. ಬಾಗಿಲ ಹಿಂದೆ ಕೈ ಇಟ್ಟವನ ಹಾಗೆ ನಿಂತಿದ್ದ, ಆದರೆ ಅಲ್ಲಿ ಬಾಗಿಲು ಇರಲಿಲ್ಲ. ಮೈದಾನದ ನಡುಗೆರೆಯನ್ನೇ ನೋಡುತ್ತಿರು, ಬೆರಳು ಕಂಡ ತಕ್ಷಣ ಹೇಳು ಅಂದ. ಬೆರಳನ್ನು ಪರದೆಯ ಮೇಲೆ ಸರಿಸುತ್ತಾ ಬಂದ. ನಾನು ಕಾದೆ. ಅವನು ನಡುಗೆರೆಯ ಹತ್ತಿರ ಬಂದಾಗ ಎಲ್ಲಿಂದಲೋ ಬೆರಳೊಂದು ಹುಟ್ಟಿತು. ಈಗ ಅಂದೆ. ಅವನ ಮುಖ ನೋಡಿದೆ. ಐವತ್ತು ವರ್ಷದ ಗಂಡಸು, ಬೆಂಕಿಯ ಜೊತೆ ಕೆಲಸ ಮಾಡುವವನು, ಹೆದರಿಹೋಗಿದ್ದ.

"ಮಂಜು, ನೀನು ಬೆಳಗ್ಗೆ ಗಾಡಿ ಓಡಿಸಿದ್ಯಾ?" ಅಂತ ಕೇಳಿದ.

ಅವನು ಕೇಳುವವರೆಗೂ ನಾನು ಟೀವಿಯ ಎಡಗಡೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಬಸ್ಸಿಗೂ ಎಡಗಡೆ ಇದೆ ಅಂತ ಆಗ ಹೊಳೆಯಿತು. ಬಸ್ಸಿನ ಬಾಗಿಲು ಇರುವುದು ಎಡಗಡೆ. ಜನ ನಿಲ್ಲುವುದು ಎಡಗಡೆ. ಶಾಲೆಯ ಮಕ್ಕಳು ಚೀಲ ಹೊತ್ತು ಸಾಲಾಗಿ ನಡೆಯುವುದು ಎಡಗಡೆ. ದಿನಕ್ಕೆ ಆರು ಸಲ, ಗಾಡಿ ತುಂಬ ಜನ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಬರುವಷ್ಟರಲ್ಲಿ ದೊರೈ ಟೀವಿ ಆರಿಸಿ ಸ್ಕೂಟರ್ ಹೊರಗೆ ತೆಗೆದಿದ್ದ.

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಕುತ್ತಿಗೆ ತಿರುಗಿಸಿ ಎಡಗಡೆಯನ್ನೇ ನೋಡುತ್ತಿದ್ದೆ. ಎಷ್ಟು ಜನ. ನನ್ನದೇ ರೂಟಿನಲ್ಲಿ ಇಷ್ಟು ಜನ ಎಡಗಡೆ ಇದ್ದಾರೆ ಅಂತ ಮೊದಲ ಸಲ ಗೊತ್ತಾದ ಹಾಗಿತ್ತು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಕಿಟಕಿಯ ಮೇಲಿನ ಬೋರ್ಡು ಓದಿದೆ. ಮಾತ್ರ ಅಂತ ಬರೆದಿತ್ತು. ಮಾತ್ರ ಅಂದರೆ ಏನು ಅಂತ ಯೋಚಿಸುತ್ತಾ ಸಾಲಿನಲ್ಲಿ ನಿಂತೆ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ದೊರೈ ಬಂದು ತೋಳು ಹಿಡಿದು ಎಳೆದ. ಬೋರ್ಡಿನಲ್ಲಿ ಮಹಿಳೆಯರಿಗೆ ಮಾತ್ರ ಅಂತ ಇತ್ತು. ಅವತ್ತು ನಾವು ನಕ್ಕಿದ್ದು ಅದೊಂದೇ ಸಲ, ಅದೂ ಇಬ್ಬರೂ ಬೇರೆ ಕಡೆ ಮುಖ ಮಾಡಿಕೊಂಡು.

ಒಂದು ಗಂಟೆ ಕಾಯಿಸಿದರು. ಎದುರಿಗೆ ಒಬ್ಬ ಅಜ್ಜಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಯಾವ ಕಣ್ಣು ಅಂತ ಕೇಳಿದಳು. ಎರಡೂ, ಅರ್ಧರ್ಧ ಅಂದೆ. ಹಾಗೂ ಬರುತ್ತದಾ ಅಂತ ಅವಳಿಗೆ ಆಶ್ಚರ್ಯವಾಯಿತು. ನನಗೂ ಅಷ್ಟೇ ಆಶ್ಚರ್ಯವಾಗಿತ್ತು. ಆಮೇಲೆ ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸಿ, ದೀಪ ಕಂಡಾಗ ಗುಂಡಿ ಒತ್ತಿ ಅಂದರು. ಬಲಗಡೆ ಮಿಣಿಮಿಣಿ ಬಂತು, ಒತ್ತಿದೆ. ಎಷ್ಟೋ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡೆ. ಅಷ್ಟೆಲ್ಲ ಆದ ಮೇಲೂ ನನ್ನ ಬುದ್ಧಿ ಯಂತ್ರವನ್ನೇ ಬೈಯುತ್ತಿತ್ತು ನೋಡಿ. ಕೊನೆಗೆ ಕಾಗದ ಹೊರಬಂತು. ಎರಡು ಗುಂಡು ಚಿತ್ರ, ಎರಡರಲ್ಲೂ ಎಡಗಡೆಯ ಅರ್ಧ ಗಟ್ಟಿ ಕಪ್ಪು.

ಡಾಕ್ಟರ್ ವಯಸ್ಸಾದ ಹೆಂಗಸು. ನಿಮ್ಮ ಕಣ್ಣು ಎರಡೂ ಚೆನ್ನಾಗಿವೆ ಅಂದರು. ದೊರೈ ಜೋರಾಗಿ ಉಸಿರು ಬಿಟ್ಟ. ತೊಂದರೆ ಇರುವುದು ಹಿಂದೆ, ಮೆದುಳಿನಲ್ಲಿ ಅಂದರು. ಅವನ ಉಸಿರು ಅಲ್ಲೇ ನಿಂತಿತು. ಏನು ಕೆಲಸ ಅಂತ ಕೇಳಿದರು. ಬಸ್ ಡ್ರೈವರ್ ಅಂದೆ. ಎಷ್ಟು ದಿನದಿಂದ ರಜೆ ಅಂತ ಕೇಳಿದರು. ಇವತ್ತು ಬೆಳಗ್ಗೆಯೂ ಓಡಿಸಿದೆ ಅಂದೆ. ಅವರು ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಮನೆಗೂ ಹೋಗಬೇಡಿ ಅಂತ ಚೀಟಿ ಬರೆದರು.

ಸರೋಜ ಅಲ್ಲಿಗೆ ಬರುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಮೆದುಳಿನ ಹಿಂಭಾಗಕ್ಕೆ ಹೋಗುವ ರಕ್ತದ ದಾರಿಯಲ್ಲಿ ಎಲ್ಲೋ ಹೆಪ್ಪು ಕೂತಿತ್ತು. ನನ್ನ ಎದೆ ಯಾವಾಗಿನಿಂದಲೋ ಟೈಮಿಂಗ್ ತಪ್ಪಿ ಬಡಿಯುತ್ತಿದೆಯಂತೆ, ಅಲ್ಲಿಂದ ಹೊರಟ ಹೆಪ್ಪಂತೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಟೈಮಿಂಗ್ ತಪ್ಪದವನಿಗೆ ಇದನ್ನು ಕೇಳಿ ನಾಚಿಕೆಯಾಯಿತು. ನಮ್ಮ ಕಡೆ ಇದಕ್ಕೆ ಲಕ್ವ ಅನ್ನುತ್ತಾರೆ. ಸರೋಜ ಒಪ್ಪಲೇ ಇಲ್ಲ. "ಲಕ್ವ ಅಂದ್ರೆ ಬಾಯಿ ಸೊಟ್ಟ ಆಗ್ಬೇಕಲ್ವಾ ಡಾಕ್ಟ್ರೇ? ಇವ್ರ ಬಾಯಿ ನೋಡಿ, ಒಂಚೂರೂ ಆಗಿಲ್ಲ" ಅಂತ ನನ್ನ ಗದ್ದ ಹಿಡಿದು ತೋರಿಸಿದಳು. ಆಮೇಲೆ ಏನೋ ನೆನಪಾದವಳ ಹಾಗೆ ನನ್ನ ಕಡೆ ತಿರುಗಿ ಉಪ್ಪಿನಕಾಯಿ ಅಂದಳು. ಅಷ್ಟೇ ಅಂದಳು. ಗೋಡೆಗೆ ಒರಗಿ ಅಳಲು ಶುರು ಮಾಡಿದಳು. ಹತ್ತು ದಿನ ಗಂಡನಿಗೆ ರೇಗಿದ್ದಕ್ಕೆ ಅಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ನಾನು ಯಾಕೆ ಅಳುತ್ತಿಲ್ಲ ಅಂತ ನನಗೆ ಗೊತ್ತಾಗಲಿಲ್ಲ.

ವಾರ್ಡಿನಲ್ಲಿದ್ದ ದಿನಗಳಲ್ಲಿ ನನಗಿದ್ದದ್ದು ಸಾಯುವ ಭಯವಲ್ಲ. ಕಣ್ಣು ಮುಚ್ಚಿದರೆ ಆ ಹನ್ನೊಂದು ದಿನದ ಟ್ರಿಪ್ಪುಗಳು ಒಂದೊಂದಾಗಿ ಬರುತ್ತಿದ್ದವು. ಯಾರಿಗಾದರೂ ತಾಗಿಸಿದ್ದೇನಾ? ಯಾರಾದರೂ ಬಿದ್ದರಾ? ತಾಗಿದ್ದರೆ ಗೊತ್ತಾಗುತ್ತಿತ್ತು ಅಂತ ಸಮಾಧಾನ ಮಾಡಿಕೊಳ್ಳಲು ಹೋದರೆ, ಗೀರು ಬಿದ್ದದ್ದು ಗೊತ್ತಾಯಿತಾ ಅಂತ ಮನಸ್ಸು ಕೇಳುತ್ತಿತ್ತು. ಬರುವ ಪೇಪರಿನಲ್ಲಿ ಭದ್ರಾವತಿ ರಸ್ತೆಯ ಸುದ್ದಿ ಏನಾದರೂ ಇದೆಯಾ ಅಂತ ಸರೋಜಳ ಕೈಲಿ ದಿನಾ ಓದಿಸುತ್ತಿದ್ದೆ. ನಾನೇ ಓದಿದರೆ ಸಾಲಿನ ಮೊದಲ ಎರಡು ಪದ ಮಾಯ. ಭದ್ರಾವತಿ ಅನ್ನುವುದು ವತಿ ಆಗಿಬಿಡುತ್ತಿತ್ತು.

ಆ ಶನಿವಾರದ ಆಟ ಏನಾಯಿತು ಅಂತ ಎರಡು ದಿನ ಬಿಟ್ಟು ದೊರೈಗೆ ಕೇಳಿದೆ. ಎರಡು–ಒಂದು, ಕೊನೆಯ ನಿಮಿಷದಲ್ಲಿ ಡ್ರೈವರೇ ಗೋಲು ಹೊಡೆದ ಅಂದ. ಸುಳ್ಳು ಹೇಳುವಾಗ ದೊರೈ ಮೂಗು ಉಜ್ಜಿಕೊಳ್ಳುತ್ತಾನೆ. ಅವತ್ತೂ ಉಜ್ಜಿಕೊಂಡ. ಮನೆಗೆ ಬಂದ ಮೇಲೆ ನೋಡಿದೆ, ಮೀನೂರು ನಾಲ್ಕು–ಸೊನ್ನೆಯಲ್ಲಿ ಸೋತಿತ್ತು. ಗೋಡೆ ನೋಡುತ್ತಾ ಮಲಗಿದ್ದ ನನಗೆ ಆ ಸುಳ್ಳು ಎರಡು ಮಾತ್ರೆಯಷ್ಟು ಕೆಲಸ ಮಾಡಿತ್ತು, ಇರಲಿ ಅಂತ ನಾನೂ ಕೇಳಲಿಲ್ಲ.

ರಫೀಕ್ ಬಂದದ್ದು ನಾನು ಮನೆಗೆ ಬಂದ ಮೇಲೆ. ಮೋಸಂಬಿ ತಂದಿದ್ದ. ಕುರ್ಚಿ ಎಳೆದುಕೊಂಡು ನನ್ನ ಬಲಗಡೆಗೆ ಕೂತ. ಯಾರೋ ಹೇಳಿರಬೇಕು. ಸರೋಜ ಕಾಫಿ ತರಲು ಒಳಗೆ ಹೋದಾಗ ನಾನು ಕೇಳಿದೆ. ನಿಜ ಹೇಳು ರಫೀಕ್, ಯಾರಿಗಾದರೂ ಹೊಡೆದಿದ್ದೇನಾ?

ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಮಲವಗೊಪ್ಪ ಅಂದ.

ಅಲ್ಲಿ ಸೊಪ್ಪು ಮಾರುವ ಗಂಗಮ್ಮ ಅಂತ ಒಬ್ಬರಿದ್ದಾರೆ. ಎರಡನೇ ವಾರದ ಸೋಮವಾರ ಅವರು ಸ್ಟಾಪಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕೈ ತೋರಿಸುತ್ತಿದ್ದರಂತೆ. ನಾನು ನಿಲ್ಲಿಸಲೂ ಇಲ್ಲ, ಗಾಡಿಯನ್ನು ಆಚೆ ಎಳೆಯಲೂ ಇಲ್ಲ. ಬಸ್ಸಿನ ಎಡಮೂಲೆ ಬುಟ್ಟಿಗೆ ತಾಗಿ ಸೊಪ್ಪೆಲ್ಲ ರಸ್ತೆ ಪಾಲು. ರಫೀಕ್ ಸೀಟಿ ಊದಿ ಗಾಡಿ ನಿಲ್ಲಿಸಿ, ಇಳಿದು ಓಡಿ, ಸೊಪ್ಪು ಹೆಕ್ಕಿಕೊಟ್ಟು ಬಂದಿದ್ದ. ನನಗೆ ಆ ನಿಲುಗಡೆ ನೆನಪಿತ್ತು. ಟೈಮ್ ಆಯಿತು ಅಂತ ಹಾರ್ನ್ ಒತ್ತಿದ್ದು ನೆನಪಿತ್ತು. ಹಿಂದಿನಿಂದ ಒಬ್ಬ ಹೆಂಗಸು ಕಣ್ಣು ಕಾಣಲ್ವೇನೋ ಅಂತ ಕೂಗಿದ್ದೂ ನೆನಪಿತ್ತು. ನಾನು ಬಲಗಡೆಯ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ್ದೆ. ಯಾರೂ ಇರಲಿಲ್ಲ. ನಾಲಿಗೆಗೆ ಬಂದದ್ದು ಬೈದು ಮುಂದೆ ಹೋಗಿದ್ದೆ.

"ಯಾಕೆ ಹೇಳ್ಲಿಲ್ಲ ನೀನು?" ನನಗೆ ಮೈಯೆಲ್ಲ ಉರಿಯಿತು.

"ಕುಡಿಯೋಕೆ ಶುರು ಮಾಡಿದೀರಿ ಅಂದ್ಕೊಂಡೆ ಉಸ್ತಾದ್. ದಿನಾ ವಾಸನೆ ನೋಡ್ತಿದ್ದೆ. ಬರ್ತಿರ್ಲಿಲ್ಲ. ಮಾಲೀಕರಿಗೆ ಹೇಳಿದ್ರೆ ನಿಮ್ಮ ಕೆಲಸ ಹೋಗ್ತದೆ. ಅದಕ್ಕೇ ಮೆಟ್ಟಿಲ ಮೇಲೆ ನಿಂತು ನಾನೇ ನೋಡ್ಕೊಂಡೆ."

ಎಲೆ ಅಡಿಕೆ. ಸೀಟಿ. ಐದು ದಿನ ಅವನು ನನ್ನ ಎಡಗಣ್ಣಾಗಿ ಬಾಗಿಲಲ್ಲಿ ನೇತಾಡಿದ್ದ. ಬಸ್ಸಿನೊಳಗಿನ ಎಲ್ಲರ ಜೀವವನ್ನೂ ನನ್ನ ಕೆಲಸವನ್ನೂ ಒಂದೇ ಸೀಟಿಯಲ್ಲಿ ಕಾಯಲು ಹೋಗಿದ್ದ. ಅವನನ್ನು ಅಪ್ಪಿಕೊಳ್ಳಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ. ಹೋಗು ಅಂದೆ. ಅವನು ಕಾಫಿ ಕುಡಿಯದೆ ಹೋದ. ಹದಿನೈದು ದಿನ ಅವನ ಫೋನ್ ತೆಗೆಯಲಿಲ್ಲ. ಇದು ನಾನು ಮಾಡಿದ ಇನ್ನೊಂದು ತಪ್ಪು.

ಹೋದ ನೋಟ ವಾಪಸ್ಸು ಬರಲಿಲ್ಲ. ಅಂಚಿನಲ್ಲಿ ಒಂದು ದಾರದಷ್ಟು ಬಂದಿದೆ, ಅಷ್ಟಕ್ಕೇ ಖುಷಿ ಪಡಿ ಅಂದಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ಜೀವ ಇರುವವರೆಗೆ. ಇನ್ನು ಗಾಡಿ ಮುಟ್ಟುವ ಹಾಗಿಲ್ಲ. ಲೈಸೆನ್ಸನ್ನು ನಾನೇ ಕೊಟ್ಟು ಬಂದೆ, ಬರುವಾಗ ಜೇಬು ಹಗುರಾದ ಹಾಗೆ ಅನ್ನಿಸಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ. ಮಾಲೀಕರು ಒಳ್ಳೆಯವರು, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮ್ ನೋಡುವ ಕೆಲಸ ಕೊಟ್ಟಿದ್ದಾರೆ. ಸರೋಜ ಪೇಟೆಯಲ್ಲಿ ನನ್ನ ಎಡಗಡೆಗೇ ನಡೆಯುತ್ತಾಳೆ. ಉಪ್ಪಿನಕಾಯಿಯನ್ನು ಬಲಗಡೆ ಬಡಿಸುತ್ತಾಳೆ. ನೆಂಟರು ಬಂದಾಗ ಇದೇನು ಶಾಸ್ತ್ರ ಅಂತ ಕೇಳಿದರೆ ನಮ್ಮ ಮನೆಯ ಶಾಸ್ತ್ರ ಅನ್ನುತ್ತಾಳೆ. ದೊರೈ ಟೀವಿಯನ್ನು ಗೋಡೆಯ ಬಲತುದಿಗೆ ಸರಿಸಿ, ನನ್ನ ಕುರ್ಚಿಯನ್ನು ಎಡತುದಿಗೆ ಹಾಕಿದ್ದಾನೆ. ಅಲ್ಲಿಂದ ನನಗೆ ಸ್ಕೋರು ಕಾಣುತ್ತದೆ. ಆ ದ್ವೀಪದವನಿಗೆ ಒಂದು ದಿನ ನೀನು ಹೇಳಿದ್ದು ನಿಜ, ಎಡಗಡೆ ಮೇಲೆ ಇತ್ತು ಅಂತ ಬರೆದೆ. ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

ಗಂಗಮ್ಮನ ವಿಷಯ ಮಾತ್ರ ಉಳಿದುಕೊಂಡಿತ್ತು. ನಾಲ್ಕು ತಿಂಗಳು ಪ್ರತಿ ಶನಿವಾರ ಬಸ್ಸಿನಲ್ಲಿ ಮಲವಗೊಪ್ಪ ದಾಟುವಾಗ ನಾನು ಬೇಕೆಂದೇ ಬಲಗಡೆ ನೋಡುತ್ತಿದ್ದೆ. ಕಾಣದೆ ಇರುವುದು ಒಂದು, ನೋಡದೆ ಇರುವುದು ಇನ್ನೊಂದು. ಎರಡನೆಯದಕ್ಕೆ ಯಾವ ಡಾಕ್ಟರ ಚೀಟಿಯೂ ಇರಲಿಲ್ಲ. ಒಂದು ಶನಿವಾರ ರಫೀಕ್ ಟಿಕೆಟ್ ಕೊಡಲು ಬಂದಾಗ, ಮಲವಗೊಪ್ಪದಲ್ಲಿ ಇಳಿಸು ಅಂದೆ. ಅವನು ನನ್ನ ಮುಖ ನೋಡಿ ಏನೂ ಕೇಳದೆ ಸೀಟಿ ಊದಿದ. ಇಳಿಯುವಾಗ ಎಡಗೈ ಹಿಡಿದುಕೊಂಡ. ಕಟ್ಟೆ ಹತ್ತಿರ ಕೆಂಪು ಸೀರೆ ಅಂತ ಮೆಲ್ಲಗೆ ಹೇಳಿದ.

ಬಸ್ಸು ಹೋಯಿತು. ಕಟ್ಟೆ ಕಂಡಿತು, ಕೆಂಪು ಸೀರೆ ಕಾಣಲಿಲ್ಲ. ಎದೆ ಡವಗುಟ್ಟುತ್ತಿತ್ತು, ತಲೆ ತಿರುಗಿಸಿ ಹುಡುಕಬೇಕು ಅನ್ನುವುದು ಮರೆತೇಹೋಗಿತ್ತು. ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ಕಟ್ಟೆಯ ಮೇಲೆ ಕೂರಲು ಬಗ್ಗಿದೆ.

"ಏಯ್, ಏಯ್, ಕಣ್ಣು ಕಾಣಲ್ವಾ ನಿಂಗೆ? ಬುಟ್ಟಿ ಮೇಲೇ ಕೂರ್ತಿಯಲ್ಲ."

ತಿರುಗಿದೆ. ಅರವತ್ತರ ಹೆಂಗಸು, ಕೆಂಪು ಸೀರೆ, ನನ್ನ ಎಡಕ್ಕೆ ಒಂದು ಮಾರು ದೂರ. ನಡುವೆ ಸಬ್ಬಸಿಗೆ, ಹರಿವೆ ಸೊಪ್ಪಿನ ಬುಟ್ಟಿ. ಇಪ್ಪತ್ತೆರಡು ವರ್ಷ ಕೇಳಿಸಿಕೊಂಡ ಪ್ರಶ್ನೆಗೆ ಜೀವನದಲ್ಲಿ ಮೊದಲ ಸಲ ಉತ್ತರ ಕೊಟ್ಟೆ.

"ಇಲ್ಲ ಅಮ್ಮ. ಈ ಕಡೇದು ಕಾಣಲ್ಲ ನಂಗೆ."

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ ಅಂತ ಗೊತ್ತಿತ್ತು. ನಿಮ್ಮ ಬುಟ್ಟಿಗೆ ಹೊಡೆದ ಬಸ್ಸು ಓಡಿಸುತ್ತಿದ್ದವನು ನಾನು, ಅವತ್ತೂ ಕಾಣುತ್ತಿರಲಿಲ್ಲ, ಕಾಣುತ್ತಿಲ್ಲ ಅನ್ನುವುದೇ ಗೊತ್ತಿರಲಿಲ್ಲ, ಆಮೇಲೆ ಆಸ್ಪತ್ರೆಯಲ್ಲಿ ಗೊತ್ತಾಯಿತು ಅಂತ ಒಂದೇ ಉಸಿರಿಗೆ ಹೇಳಿದೆ. ತಪ್ಪಾಯಿತು ಅಂದೆ. ಸೊಪ್ಪಿಗೆ ಏನಾಗಬೇಕೋ ಹೇಳಿ ಅಂತಲೂ ಅಂದೆ. ಅಂದ ತಕ್ಷಣ ಆ ಮಾತು ಎಷ್ಟು ಚಿಕ್ಕದು ಅನ್ನಿಸಿತು.

ಗಂಗಮ್ಮ ಬಹಳ ಹೊತ್ತು ನನ್ನ ಕಣ್ಣುಗಳನ್ನು ಒಂದಾದ ಮೇಲೆ ಒಂದು ನೋಡಿದರು. ಹೊರಗಿನಿಂದ ಏನೂ ಕಾಣುವುದಿಲ್ಲ, ಎಲ್ಲರೂ ಹಾಗೇ ನೋಡುತ್ತಾರೆ.

"ಸೊಪ್ಪು ಹಾಳಾಗ್ಲಿ ಬಿಡಪ್ಪ" ಅಂದರು. "ಅವತ್ತು ನನ್ನ ಮೊಮ್ಮಗಳು ಆ ಬುಟ್ಟಿ ಪಕ್ಕದಲ್ಲೇ ಕೂತಿದ್ಲು. ಬಾಯಾರ್ತದೆ ಅಜ್ಜಿ ಅಂತ ಆಗ್ತಾನೆ ಎದ್ದು ನಲ್ಲಿ ಹತ್ರ ಹೋದ್ಲು. ನಾನು ಯಾರಿಗೂ ಹೇಳಿಲ್ಲ ಇದನ್ನ. ಅವಳವ್ವಂಗೂ ಹೇಳಿಲ್ಲ."

ಇದು ರಫೀಕ್‌ಗೂ ಗೊತ್ತಿರಲಿಲ್ಲ. ಮಗು ನೀರು ಕುಡಿಯಲು ಎದ್ದು ಹೋಗಿತ್ತು. ಬಾಯಾರಿಕೆ ಒಂದು ನಿಮಿಷ ತಡವಾಗಿ ಆಗಿದ್ದರೆ? ಆಸ್ಪತ್ರೆಯಲ್ಲಿ ಬಾರದ ಅಳು, ಲೈಸೆನ್ಸ್ ಕೊಡುವಾಗ ಬಾರದ ಅಳು, ಹೆದ್ದಾರಿಯ ಪಕ್ಕ ಸೊಪ್ಪಿನ ಬುಟ್ಟಿಯ ಮುಂದೆ ಬಂತು. ಕುಕ್ಕರಗಾಲಲ್ಲಿ ಕೂತು ಅತ್ತೆ. ಗಂಗಮ್ಮ ಸಮಾಧಾನ ಮಾಡಲಿಲ್ಲ, ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಅತ್ತು ಮುಗಿಯುವವರೆಗೆ ಸುಮ್ಮನೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು.

ಆಮೇಲೆ ಎದ್ದು, ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ನನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆಗೆ ಇಟ್ಟರು.

"ಈಗ ಕಾಣ್ತದಾ?"

"ಕಾಣ್ತದೆ."

"ಪೂರ್ತಿ?"

ಸಬ್ಬಸಿಗೆ, ಹರಿವೆ, ಮೇಲೆ ಹೊದಿಸಿದ ಒದ್ದೆ ಗೋಣಿ, ಬುಟ್ಟಿಯ ಅಂಚಿಗೆ ಹೊಲಿದ ನೀಲಿ ಪ್ಲಾಸ್ಟಿಕ್ ದಾರ, ದಾರದ ಪಕ್ಕದಲ್ಲಿ ಬಸ್ಸು ತಾಗಿ ಮುರಿದ ಬಿದಿರಿನ ಒಂದು ಎಳೆ.

"ಪೂರ್ತಿ ಕಾಣ್ತದೆ ಅಮ್ಮ" ಅಂದೆ.